ಇಂಟೆಲ್, ಎಎಂಡಿ, ಸ್ನಾಪ್‌ಡ್ರಾಗನ್: ಕಾಲೇಜಿಗೆ ಯಾವುದು?

ಹಾಸನದಲ್ಲಿ ಎಂಜಿನಿಯರಿಂಗ್ ಸೇರುತ್ತಿರುವ ತಂಗಿಯೊಬ್ಬಳು ಈ ಮೂರರಲ್ಲಿ ಯಾವ ಚಿಪ್ ಇರುವ ಲ್ಯಾಪ್‌ಟಾಪ್ ಕೊಳ್ಳಲಿ ಎಂದು ಕೇಳಿದ್ದಾಳೆ. ಮನೆ ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ! ಬ್ಯಾಟರಿಯೇ ಮುಖ್ಯವಾದರೆ 2024ರಲ್ಲಿ ಲ್ಯಾಪ್‌ಟಾಪ್‌ಗಳಿಗೆ ಬಂದ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್‌ಗಳು ಚೆನ್ನಾಗಿವೆ. ಆದರೆ ಅವು ಆರ್ಮ್ ಎಂಬ ಬೇರೆಯೇ ಬಗೆಯ ಚಿಪ್‌ಗಳು. ಇಂಟೆಲ್, ಎಎಂಡಿಗೆಂದು ಬರೆದ ಸಾಫ್ಟ್‌ವೇರನ್ನು ವಿಂಡೋಸ್ ಅನುವಾದ ಮಾಡಿಕೊಂಡು ಓಡಿಸಬೇಕು. ಹಳೆಯ ಪ್ರಿಂಟರ್, ಲ್ಯಾಬ್ ಬೋರ್ಡ್‌ಗಳ ಡ್ರೈವರ್ (ಅವನ್ನು ಲ್ಯಾಪ್‌ಟಾಪ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಕೈಕೊಡಬಹುದು. ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ ಬಿಡಿಸುವುದು), ಲ್ಯಾಬ್ ಕೆಲಸ ಜಾಸ್ತಿ ಇದ್ದರೆ ಇಂಟೆಲ್ ಅಥವಾ ಎಎಂಡಿಯೇ ಸಲೀಸು.

ಇವೆರಡರಲ್ಲಿ? 2017ರಲ್ಲಿ ಎಎಂಡಿಯ ರೈಜನ್ ಚಿಪ್‌ಗಳು ಬಂದ ಮೇಲೆ ಪೈಪೋಟಿ ಜೋರಾಗಿದೆ, ನಮಗೆ ಒಳ್ಳೆಯದೇ ಅಲ್ವಾ? ಒಂದೇ ಬೆಲೆಗೆ ಸಿಗುವ ಮಾಡೆಲ್‌ಗಳನ್ನು ಪಕ್ಕಪಕ್ಕ ಇಟ್ಟು 16 ಜಿಬಿ ರ‍್ಯಾಮ್ ಕೊಡುವುದನ್ನು ತಗೋ. ಸುಮ್ನೆ ಹೆಸರು ನೋಡಿ ಕೊಳ್ಳಬೇಡ. ರೈಜನ್ 5 7520ಯು ಹೊಸದರಂತೆ ಕಂಡರೂ ಒಳಗಿರುವುದು ಝೆನ್ 2 ಎಂಬ 2019ರ ಹಳೆಯ ಚಿಪ್ ವಿನ್ಯಾಸ. ನೋಟ್ಸ್, ಬ್ರೌಸಿಂಗ್‌ಗೆ ಅದೂ ಸಾಕು.