ಕುಕ್ಕರ್ ಕೂಗಿದಾಗಲೇ ಎಚ್ಚರ ಆಗಬೇಕಿತ್ತು

ಅಂಗಡಿ, ವರ್ಕ್‌ಶಾಪ್ ಇಟ್ಟುಕೊಂಡು ನಾಲ್ಕೈದು ಜನಕ್ಕೆ ಕೆಲಸ ಕೊಡುವವರು ಇದನ್ನು ದಯವಿಟ್ಟು ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಯಾಕೆಂದರೆ ನಾನು ಲೆಟರ್‌ಹೆಡ್ ಪ್ರಿಂಟ್ ಮಾಡಿಯೇ ಅನ್ನ ತಿನ್ನುವವನು. ರಾಜಾಜಿನಗರದಲ್ಲಿ 22 ವರ್ಷದಿಂದ ಆಫ್‌ಸೆಟ್ ಪ್ರೆಸ್ ಇದೆ. ಅಂಥ ನನಗೇ ಒಬ್ಬ ನಕಲಿ ಲೆಟರ್‌ಹೆಡ್ ತೋರಿಸಿ ಟೋಪಿ ಹಾಕಿ ಹೋದ.

ಮದುವೆ ಸೀಸನ್ ಶುರುವಾಗಿತ್ತು. ಬಿಲ್ಲಿಂಗ್ ನೋಡುತ್ತಿದ್ದ ಹುಡುಗಿ ಕೆಲಸ ಬಿಟ್ಟಿದ್ದಳು. ಅರ್ಜೆಂಟಲ್ಲಿ ಇದ್ದೆ. ಆಗ ಬಂದ ಈ ಆಸಾಮಿ. ಇಸ್ತ್ರಿ ಮಾಡಿದ ಶರ್ಟು, ಬಾಯಿ ತುಂಬಾ ಸಾರ್ ಸಾರ್. ಬೊಮ್ಮಸಂದ್ರದ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ಅಕೌಂಟ್ಸ್ ನೋಡಿದ್ದೆ ಅಂತ ಎಕ್ಸ್‌ಪೀರಿಯೆನ್ಸ್ ಲೆಟರ್, ಸಂಬಳದ ಸ್ಲಿಪ್ ಕೊಟ್ಟ. ಒಳ್ಳೇ ಬಾಂಡ್ ಪೇಪರ್. ನಾನು ಬೆರಳಲ್ಲಿ ಸವರಿ ನೋಡಿ ಮೆಚ್ಚಿಕೊಂಡೆ. ಪೇಪರ್ ನೋಡಿದೆನೇ ಹೊರತು ಅದರಲ್ಲಿ ಬರೆದಿದ್ದನ್ನು ನೋಡಲಿಲ್ಲ.

ಲೆಟರ್‌ನಲ್ಲಿದ್ದ ಎಚ್‌ಆರ್ ಮೊಬೈಲ್ ನಂಬರಿಗೆ ಫೋನ್ ಮಾಡಿದೆ. ನಾನೇನು ಸುಮ್ನೆ ಸೇರಿಸಿಕೊಳ್ಳಲಿಲ್ಲ, ವಿಚಾರಿಸಿದ್ದೆ! ಎತ್ತಿದವರು ತುಂಬಾ ಗಂಭೀರವಾಗಿ "ವೆರಿ ಸಿನ್ಸಿಯರ್ ಹುಡುಗ ಸಾರ್, ನಾವು ಬಿಡೋಕೇ ತಯಾರಿರಲಿಲ್ಲ" ಅಂದರು. ಸ್ಪೀಕರ್ ಹಾಕಿದ್ದೆ. ಹಿಂದೆ ಕುಕ್ಕರ್ ಎರಡು ಸಲ ಕೂಗಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ "ಏನ್ರೀ, ಆಫೀಸಲ್ಲಿ ಕುಕ್ಕರ್ ಕೂಗುತ್ತಾ?" ಅಂದಳು. "ಈಗ ಎಲ್ಲಾ ವರ್ಕ್ ಫ್ರಮ್ ಹೋಮ್ ಕಣೇ" ಅಂತ ನಾನೇ ಸಮಜಾಯಿಷಿ ಕೊಟ್ಟೆ. ಈಗ ಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಅವಳು ನನ್ನ ಮುಖ ನೋಡುತ್ತಾಳೆ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರೆಸ್ ಮೇಲಿನ ರೂಮ್ ಖಾಲಿ ಇತ್ತು, ಅದನ್ನೂ ಕೇಳಿದ. ಕಾಮಾಕ್ಷಿಪಾಳ್ಯದ ಹಳೇ ಮನೆ ಓನರ್ ನಂಬರ್ ಕೊಟ್ಟ. ಅದು ಬೇರೆ ನಂಬರ್. ಆ ಓನರ್ "ಬಾಡಿಗೆ ಒಂದನೇ ತಾರೀಕಿಗೆ ಕೈಗೆ ಬರ್ತಿತ್ತು ಸ್ವಾಮಿ" ಅಂದ. ಅಡ್ವಾನ್ಸ್ ಬೇಡ, ಸಂಬಳದಲ್ಲಿ ಹಿಡಿದುಕೊಳ್ಳೋಣ ಅಂದೆ. ಕರಾರು ಪತ್ರ ಮಾಡಿಸಲಿಲ್ಲ. ಹೌದು, ಬೈಯಿರಿ.

ಎರಡೂವರೆ ತಿಂಗಳು ಆಳು ಚಿನ್ನ. ಆಮೇಲೆ ಒಂದು ಶನಿವಾರ ಬರಲಿಲ್ಲ. ಸೋಮವಾರ ಒಬ್ಬರು ಹಿರಿಯರು ಮಗಳ ಲಗ್ನಪತ್ರಿಕೆ ರೆಡಿ ಆಯ್ತಾ ಅಂತ ಬಂದರು. ಆರ್ಡರ್ ಬುಕ್ಕಲ್ಲಿ ಅವರ ಹೆಸರೇ ಇಲ್ಲ. ಅವರು ಮೊಬೈಲ್ ತೆಗೆದು 9,000 ಅಡ್ವಾನ್ಸ್ ಹಾಕಿದ್ದು ತೋರಿಸಿದರು. ಹೋಗಿದ್ದು ಇವನ ನಂಬರಿಗೆ. "ಸೌಂಡ್‌ಬಾಕ್ಸ್ ಬ್ಯಾಟರಿ ಚಾರ್ಜ್ ಇಲ್ಲ, ಇದಕ್ಕೆ ಹಾಕಿ ಅಂದ್ರು, ನಿಮ್ಮ ಹುಡುಗನೇ ಅಲ್ವಾ?" ಏನು ಹೇಳಲಿ? ಹೀಗೆ 7 ಪಾರ್ಟಿ, ಒಟ್ಟು 64,500 ರೂಪಾಯಿ. ಮದುವೆ ಡೇಟ್ ನಿಲ್ಲುತ್ತದೆಯೇ? ಎಲ್ಲರಿಗೂ ನನ್ನ ಕೈಯಿಂದಲೇ ದುಡ್ಡು ಹಾಕಿ ಪ್ರಿಂಟ್ ಮಾಡಿಕೊಟ್ಟೆ.

ಅವನಿಗೆ ಮೆಸೇಜ್ ಹಾಕಿದೆ. "ಊರಲ್ಲಿದ್ದೀನಿ ಸಾರ್, ಅಮ್ಮಂಗೆ ಹುಷಾರಿಲ್ಲ, ಬಂದು ಲೆಕ್ಕ ಕೊಡ್ತೀನಿ." ಮಾರನೇ ದಿನ, "ಸಂಬಳದಲ್ಲಿ ಹಿಡ್ಕೊಳ್ಳಿ ಸಾರ್." ಸಂಬಳ 18,000! ಆಮೇಲೆ ಬ್ಲಾಕ್. ಎಚ್‌ಆರ್‌ಗೆ ಮಾಡಿದರೆ ಆ ಮಹಾಶಯ ಹೇಳಿದ್ದು ಕೇಳಿ: "ನಮ್ಮಲ್ಲಿ ಇದ್ದಾಗ ಚೆನ್ನಾಗೇ ಇದ್ರು ಸಾರ್. ನೀವು ಹೇಗೆ ನೋಡ್ಕೊಂಡ್ರೋ." ಅಂದರೆ ತಪ್ಪು ನನ್ನದು!

ಕೊನೆಗೆ ಹಳೇ ಮನೆ ಓನರ್‌ಗೆ ಮಾಡಿದೆ. ಈ ಸಲ "ಹಲೋ" ಅಂದ ತಕ್ಷಣ ಎದೆ ಧಸಕ್ ಅಂತು. ಐದು ನಿಮಿಷದ ಹಿಂದೆ ಕೇಳಿದ ದನಿ. ಅದೇ ಎಚ್‌ಆರ್. "ಸಾರ್, ನೀವು ಕಂಪನಿಯವರಲ್ವಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ನೀವು ಯಾವ ನಂಬರಿಗೆ ಮಾಡಿದ್ದು?" ಅಂತ ಕೇಳಿದ. ತಾನೀಗ ಓನರೋ ಎಚ್‌ಆರೋ ಅಂತ ಅವನಿಗೇ ಗೊತ್ತಿಲ್ಲ! ನಾನು ಫೋನ್ ಹಿಡಿದು ಹಾಗೇ ಕೂತೆ. ಸಿಟ್ಟಿಗಿಂತ ಅವಮಾನ ಜಾಸ್ತಿ. ಇಂಥ ಕಚ್ಚಾ ನಾಟಕಕ್ಕೆ ಬಿದ್ದೆನಲ್ಲಾ!

ಆ ರಾತ್ರಿ ಲೆಟರ್, ಸ್ಲಿಪ್ ಎರಡನ್ನೂ ಲೈಟ್ ಟೇಬಲ್ ಮೇಲೆ ಒಂದರ ಮೇಲೊಂದು ಇಟ್ಟೆ. ಎರಡರಲ್ಲೂ ಸೀಲು ಒಂದೇ ಓರೆ, ಒಂದೇ ಕಡೆ ಅಕ್ಷರ ಮಾಸಿದೆ. ಕೈಯಲ್ಲಿ ಒತ್ತಿದ ಸೀಲು ಎರಡು ಸಲ ಹಾಗೆ ಬೀಳುವುದೇ ಇಲ್ಲ. ಒದ್ದೆ ಬೆರಳು ಆಡಿಸಿದರೆ ಕಲರ್ ಬಿಟ್ಟಿತು, ಇಂಕ್‌ಜೆಟ್. ಜಿಎಸ್‌ಟಿ ನಂಬರ್ ಶುರುವಾಗುವುದು 33ರಿಂದ. ಕರ್ನಾಟಕದ್ದು 29, 33 ತಮಿಳುನಾಡಿನದು. ದಿನಾ ಹತ್ತು ಬಿಲ್‌ಬುಕ್ಕಿಗೆ 29 ಅಂತ ಕಂಪೋಸ್ ಮಾಡುವವನು ನಾನು! ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಯಾವುದೋ ನೂಲಿನ ವ್ಯಾಪಾರದವರದು. ಲಾಗಿನ್ ಬೇಡ, ಕಾಸು ಬೇಡ, ಎರಡು ನಿಮಿಷದ ಕೆಲಸ. ಸೇರಿಸಿಕೊಳ್ಳುವ ಮುಂಚೆ ಮಾಡಲಿಲ್ಲ.

ಸ್ಟೇಷನ್‌ಗೆ ಹೋಗಿ 420 ಕೇಸ್ ಹಾಕಿ ಅಂದೆ. "420 ಈಗ ಎಲ್ಲಿದೆ? 2024ರ ಜುಲೈನಿಂದ ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆ, ಅದರಲ್ಲಿ ವಂಚನೆಗೆ 318" ಅಂದರು. ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಿದ್ದೀರಾ, ಬಾಡಿಗೆ ಕರಾರು ಇದೆಯಾ ಅಂತ ಕೇಳಿದರು. ಎರಡೂ ಇಲ್ಲ. ದೂರು ಕೊಟ್ಟು ಬಂದಿದ್ದೇನೆ.

ಆದ್ದರಿಂದ ಕೆಲಸ ಕೇಳಿ ಬಂದವರು ಕೊಟ್ಟ ಮೊಬೈಲ್ ನಂಬರಿಗೆ ಮಾಡಲೇಬೇಡಿ. ಕಂಪನಿಯ ನಂಬರ್ ನೀವೇ ಹುಡುಕಿ ಮಾಡಿ. ದೊಡ್ಡ ಕಂಪನಿ ಅಂದರೆ ಪಿಎಫ್ ಪಾಸ್‌ಬುಕ್ ನಿಮ್ಮೆದುರಿಗೇ ತೆಗೆಸಿ. 20 ಜನಕ್ಕಿಂತ ಕಡಿಮೆ ಇರುವ ಕಡೆ ಪಿಎಫ್ ಇಲ್ಲದೇ ಇರಬಹುದು, ಆಗ ಬೈಕ್ ಹತ್ತಿ ಹೋಗಿ ನೋಡಿ. ಹಳೇ ಮನೆ ಓನರ್ ಹತ್ತಿರ ಬೀದಿ ಹೆಸರು, ಎಷ್ಟನೇ ಮಹಡಿ ಅಂತ ಕೇಳಿ, ನಕಲಿಯಾದರೆ ತಡಬಡಿಸುತ್ತಾರೆ.

ಇಷ್ಟೆಲ್ಲ ಇವತ್ತೇ ಬರೆಯಲು ಕಾರಣ ಇದೆ. ಬೆಳಿಗ್ಗೆ ತುಮಕೂರಿನ ಹಾರ್ಡ್‌ವೇರ್ ಅಂಗಡಿಯ ಒಬ್ಬರು ಪ್ರೆಸ್ಸಿಗೆ ಫೋನ್ ಮಾಡಿದ್ದರು. ಒಬ್ಬ ಹುಡುಗ ನಮ್ಮಲ್ಲಿ ಮೂರು ವರ್ಷ ಮ್ಯಾನೇಜರ್ ಆಗಿದ್ದನಂತೆ. ನನ್ನದೇ ಲೆಟರ್‌ಹೆಡ್ಡು, ನನ್ನದೇ ಜಿಎಸ್‌ಟಿ ನಂಬರ್, ಕೆಳಗೆ ನನ್ನ ಹೆಸರು. ಮೊಬೈಲ್ ನಂಬರ್ ಮಾತ್ರ ನನ್ನದಲ್ಲ. "ಅದಕ್ಕೂ ಮಾಡಿದ್ದೆ ಸಾರ್, ಪ್ರೆಸ್ ಓನರ್ ಅಂತ ಒಬ್ಬರು ಮಾತಾಡಿದ್ರು" ಅಂದರು. ಯಾಕೋ ಸಮಾಧಾನ ಆಗದೆ ಗೂಗಲ್‌ನಲ್ಲಿ ನಮ್ಮ ಬೋರ್ಡಿನ ಫೋಟೋ ಹುಡುಕಿ, ಅದರಲ್ಲಿದ್ದ ಲ್ಯಾಂಡ್‌ಲೈನಿಗೆ ಮಾಡಿದ್ದರು ಪುಣ್ಯಾತ್ಮರು.