ಸೀ-ಡೂ ಸ್ಪಾರ್ಕ್: ಬೆಂಗಳೂರಿನಿಂದ ಕಡಲಿಗೆ ಕೊಂಡೊಯ್ಯುವವರ ದೃಷ್ಟಿಯಲ್ಲಿ

ಬೆಂಗಳೂರಿನಲ್ಲಿ ವಾಸವಿದ್ದು ನೀರಿನ ಮೇಲೆ ಸ್ಕೂಟರಿನಂತೆ ಓಡಿಸುವ ಜೆಟ್ ಸ್ಕೀಯನ್ನು ಸ್ವಂತಕ್ಕೆ ಇಟ್ಟುಕೊಳ್ಳಲು ಬಯಸುವವರು ಅಶ್ವಶಕ್ತಿಯ ಲೆಕ್ಕಕ್ಕಿಂತ ಮೊದಲು ತೂಕದ ಲೆಕ್ಕ ಹಾಕಬೇಕು. ನಗರದ ಕೆರೆಗಳಲ್ಲಿ ಖಾಸಗಿಯವರು ಇಂಥ ವಾಹನ ಇಳಿಸುವ ಮಾತೇ ಇಲ್ಲ. ಹಲಸೂರು ಕೆರೆಯ ದೋಣಿವಿಹಾರ ಬೇರೆಯೇ ವ್ಯವಸ್ಥೆ, ತಿಪ್ಪಗೊಂಡನಹಳ್ಳಿಯದು ಕುಡಿಯುವ ನೀರಿಗೆಂದು ಕಟ್ಟಿದ ಜಲಾಶಯ. ಹೀಗಾಗಿ ಓಡಿಸುವ ಆಸೆಯಿದ್ದರೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೋ ಮಲ್ಪೆಗೋ ಹೋಗಬೇಕು, ಅಂದರೆ ಹೋಗುವಾಗಲೇ 350ರಿಂದ 400 ಕಿಲೋಮೀಟರ್ ದೂರ ಟ್ರೈಲರ್ ಎಳೆಯಬೇಕು. ಇಬ್ಬರು ಸ್ನೇಹಿತರೊಡನೆ ಪಾಲು ಹಾಕಿ ಕೊಂಡು ಕೆಲವು ವರ್ಷಗಳಿಂದ ಓಡಿಸುತ್ತಿರುವ ಸೀ-ಡೂ ಸ್ಪಾರ್ಕ್ ಎಂಬ ಜೆಟ್ ಸ್ಕೀ ಬಗ್ಗೆ ಈ ಹಿನ್ನೆಲೆಯನ್ನಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಕೆನಡಾದ ಬಿಆರ್‌ಪಿ ಕಂಪನಿಯು ತನ್ನ ಸೀ-ಡೂ ಬ್ರ್ಯಾಂಡಿನ ಸ್ಪಾರ್ಕ್ ಅನ್ನು 2014ರ ಮಾದರಿಯಾಗಿ ಮಾರುಕಟ್ಟೆಗೆ ತಂದಿತು. ಇದರಲ್ಲಿರುವುದು 899 ಸಿಸಿಯ ಮೂರು ಸಿಲಿಂಡರಿನ ರೋಟಾಕ್ಸ್ ಎಂಜಿನ್. ಇದು 60 ಮತ್ತು 90 ಅಶ್ವಶಕ್ತಿಯ ರೂಪಗಳಲ್ಲಿ ಬಂದಿದೆ. ಇಬ್ಬರು ಕೂರುವ ಮಾದರಿಯ ತೂಕ ಸುಮಾರು 190 ಕಿಲೋ ಮಾತ್ರ. ಈ ಹಗುರತನದ ಬೆಲೆ ಅರ್ಥವಾಗುವುದು ಮರಳಿನ ದಂಡೆಯ ಮೇಲೆ. ಕಾಂಕ್ರೀಟ್ ಇಳಿಜಾರು ಇಲ್ಲದ ಕಡೆ ಅಗಲ ಚಕ್ರದ ಕೈಗಾಡಿಯ ಮೇಲೆ ಇದನ್ನಿಟ್ಟು ಮೂವರು ಸೇರಿ ನೀರಿಗೆ ತಳ್ಳಬಹುದು. ಇದಕ್ಕೆ ಹೋಲಿಸಿದರೆ, ಇದಕ್ಕಿಂತ ದೊಡ್ಡ ಜೆಟ್ ಸ್ಕೀಯಾದ ಯಮಹಾದ ವಿಎಕ್ಸ್ ಮಾದರಿ 300 ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ಅದೇ ಮರಳಿನಿಂದ ಮೇಲೆತ್ತಲು ಟ್ರ್ಯಾಕ್ಟರನ್ನೋ ಫೋರ್ ವೀಲ್ ಡ್ರೈವ್ ಗಾಡಿಯನ್ನೋ ಹುಡುಕಬೇಕಾಗುತ್ತದೆ.

ಓಡಿಸುವ ವಿಷಯದಲ್ಲಿ ಸ್ಪಾರ್ಕ್ ಚುರುಕು, ಆದರೆ ಎಲ್ಲ ನೀರಿಗೂ ಹೇಳಿಮಾಡಿಸಿದ್ದಲ್ಲ. ಬೆಳಗಿನ ಶಾಂತ ಕಡಲಿನಲ್ಲೂ ನದಿಯ ಅಳಿವೆಯಲ್ಲೂ 90 ಅಶ್ವಶಕ್ತಿ ಧಾರಾಳವಾಗಿ ಸಾಕು, ತಿರುವುಗಳಲ್ಲಿ ಅದರ ಹಗುರತನವೇ ಸುಖ. ಮಧ್ಯಾಹ್ನ ಕಡಲ ಗಾಳಿ ಎದ್ದು ಸಣ್ಣ ಅಲೆಗಳು ಒತ್ತೊತ್ತಾಗಿ ಬರತೊಡಗಿದರೆ ಇಡೀ ವಾಹನ ಪುಟಿಯುತ್ತದೆ, ಮೊಣಕಾಲು ಸೊಂಟ ಎರಡೂ ದಣಿಯುತ್ತವೆ, ಮುಖಕ್ಕೆ ನೀರು ರಾಚುತ್ತದೆ. ಅಂಥ ಹೊತ್ತಿನಲ್ಲಿ ವಿಎಕ್ಸ್ ಅಲೆಯನ್ನು ಸೀಳಿಕೊಂಡು ಸಮವಾಗಿ ಸಾಗುವುದನ್ನು ಕಂಡಿದ್ದೇನೆ. ಸ್ಪಾರ್ಕ್‌ನ ಇಂಧನ ಟ್ಯಾಂಕ್ ಕೇವಲ 30 ಲೀಟರ್, ವಿಎಕ್ಸ್‌ನದು 70. ದಂಡೆಯಿಂದ ದೂರದ ಸವಾರಿ ಬಯಸುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಕವಾಸಾಕಿ ಎಸ್‌ಎಕ್ಸ್-ಆರ್ ಮತ್ತು ಯಮಹಾ ಸೂಪರ್‌ಜೆಟ್‌ನಂಥ ನಿಂತು ಓಡಿಸುವ ವಾಹನಗಳು ಒಬ್ಬರಿಗೆ ಮಾತ್ರ. ಅವುಗಳ ಮೇಲೆ ಸಮತೋಲ ಸಾಧಿಸಲು ಬಹಳ ಅಭ್ಯಾಸ ಬೇಕಾದ್ದರಿಂದ ವರ್ಷಕ್ಕೆ ಕೆಲವೇ ಸಲ ಕಡಲಿಗೆ ಹೋಗುವ ನಮ್ಮಂಥವರಿಗೆ ನಾನು ಸೂಚಿಸಲಾರೆ.

ಸುರಕ್ಷತೆಯ ಒಂದು ಮಾತನ್ನು ಒತ್ತಿ ಹೇಳಬೇಕು. ಈ ವಾಹನಗಳಿಗೆ ಚುಕ್ಕಾಣಿಯಿಲ್ಲ, ಹಿಂಬದಿಯಿಂದ ಚಿಮ್ಮುವ ನೀರೇ ದಿಕ್ಕು ಕೊಡುತ್ತದೆ. ಎದುರಿಗೆ ದೋಣಿ ಕಂಡೊಡನೆ ಹೆದರಿ ಥ್ರಾಟಲ್ ಬಿಟ್ಟು ಹ್ಯಾಂಡಲ್ ತಿರುಗಿಸಿದರೆ ವಾಹನ ಬಹುಮಟ್ಟಿಗೆ ನೇರವಾಗಿಯೇ ಮುಂದುವರಿಯುತ್ತದೆ. ಸೀ-ಡೂದ ಐಬಿಆರ್ ಎಂಬ ಬ್ರೇಕ್ ವ್ಯವಸ್ಥೆ ಚಿಮ್ಮುವ ನೀರಿಗೆ ಅಡ್ಡವಾಗಿ ಒಂದು ಬಕೆಟ್ ಇಳಿಸಿ ವೇಗ ತಗ್ಗಿಸುತ್ತದೆ, ಹಿಂದಕ್ಕೆ ಚಲಿಸಲೂ ನೆರವಾಗುತ್ತದೆ. ಸ್ಪಾರ್ಕ್‌ನ ಕೆಲವು ಕಡಿಮೆ ಬೆಲೆಯ ಮಾದರಿಗಳಲ್ಲಿ ಇದು ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಐಬಿಆರ್ ಇರುವುದನ್ನೇ ಹುಡುಕಲಿ, ಹಣ ಸ್ವಲ್ಪ ಹೆಚ್ಚಾದರೂ ಸರಿ.

ನಿರ್ವಹಣೆಯಲ್ಲಿ ಸ್ಪಾರ್ಕ್ ನನ್ನ ಮನ ಗೆದ್ದಿದೆ. ವಿಎಕ್ಸ್ ಹೊರಗಿನ ನೀರನ್ನೇ ಎಂಜಿನ್ ಒಳಗೆ ಹರಿಸಿ ತಂಪಾಗಿಸಿಕೊಳ್ಳುತ್ತದೆ. ಸ್ಪಾರ್ಕ್‌ನಲ್ಲಿ ಕಾರಿನಂತೆ ಕೂಲೆಂಟ್ ಸುತ್ತುತ್ತದೆ, ತಳಭಾಗದ ಲೋಹದ ರೈಡ್ ಪ್ಲೇಟ್ ಅದರ ಬಿಸಿಯನ್ನು ಕಡಲಿಗೆ ದಾಟಿಸುತ್ತದೆ. ಹೀಗಾಗಿ ಎಂಜಿನ್‌ನ ಒಳದಾರಿಗೆ ಉಪ್ಪು ಸೇರುವುದಿಲ್ಲ. ಆದರೆ ಎಕ್ಸಾಸ್ಟ್, ಅಂದರೆ ಹೊಗೆ ಹೊರಹೋಗುವ ಕೊಳವೆ, ತಂಪಾಗುವುದು ಕಡಲ ನೀರಿನಿಂದಲೇ ಆದ್ದರಿಂದ ಸಿಹಿನೀರು ಹಾಯಿಸುವ ಕೆಲಸ ತಪ್ಪದು. ಕ್ರಮ ಹೀಗಿದೆ: ಹಿಂಬದಿಗೆ ಪೈಪ್ ಜೋಡಿಸಿ ಮೊದಲು ಎಂಜಿನ್ ಚಾಲೂ ಮಾಡಬೇಕು, ಕೂಡಲೇ ನಲ್ಲಿ ತಿರುಗಿಸಬೇಕು, ಮುಗಿಸುವಾಗ ಮೊದಲು ನಲ್ಲಿ ನಿಲ್ಲಿಸಿ, ಒಳಗುಳಿದ ನೀರು ಹೊರಬೀಳುವಂತೆ ಕೆಲವು ಸೆಕೆಂಡು ಓಡಿಸಿ, ಅನಂತರ ಎಂಜಿನ್ ಆರಿಸಬೇಕು. ಕ್ರಮ ತಪ್ಪಿದರೆ ಎಕ್ಸಾಸ್ಟ್ ಮೂಲಕ ನೀರು ಎಂಜಿನ್‌ಗೆ ನುಗ್ಗುವ ಅಪಾಯವಿದೆ. ಒಟ್ಟು ಎರಡು ನಿಮಿಷ ಮೀರಬಾರದು, ಏಕೆಂದರೆ ವಾಹನ ನೀರಿನಿಂದ ಹೊರಗಿರುವಾಗ ಶಾಫ್ಟ್‌ನ ಸೀಲ್ ಬಿಸಿಯಾಗುತ್ತದೆ. ಇದನ್ನು ಕರಾವಳಿಯಲ್ಲೇ, ಉಪ್ಪಿಲ್ಲದ ಬಾವಿಯ ನೀರಿನಿಂದ, ಅದೇ ದಿನ ಮುಗಿಸುವುದು ಉತ್ತಮ. ನಮ್ಮ ಅಪಾರ್ಟ್‌ಮೆಂಟ್‌ಗಳ ಬೋರ್‌ವೆಲ್ ನೀರು ಗಡುಸು, ಒಣಗಿದ ಮೇಲೆ ಬಿಳಿ ಪದರ ಉಳಿಸುತ್ತದೆ.

ಪೆಟ್ರೋಲ್ ಇನ್ನೊಂದು ಚಿಂತೆ. ತಯಾರಕರು ಒಪ್ಪುವುದು 10 ಶೇಕಡಾ ಎಥನಾಲ್‌ವರೆಗೆ, ನಮ್ಮ ಬಂಕ್‌ಗಳಲ್ಲಿ ಸಿಗುವುದು 20 ಶೇಕಡಾ ಬೆರೆಸಿದ್ದು. ಎಥನಾಲ್ ತೇವವನ್ನು ಹೀರುವುದರಿಂದ ವಾರಗಟ್ಟಲೆ ನಿಂತ ಟ್ಯಾಂಕ್‌ನಲ್ಲಿ ನೀರು ತಳಕ್ಕೆ ಬೇರ್ಪಡಬಹುದು. ದುಬಾರಿಯಾದರೂ ನಗರದ ಕೆಲವು ಬಂಕ್‌ಗಳಲ್ಲಿ ದೊರೆಯುವ ಎಥನಾಲ್‌ರಹಿತ 100 ಆಕ್ಟೇನ್ ಪೆಟ್ರೋಲನ್ನೇ ನಾವು ಹಾಕಿಸುತ್ತೇವೆ.

ಕುಂದುಗಳೂ ಇವೆ. ದೊಡ್ಡ ರಿಪೇರಿಗೆ ಮೇಲಿನ ಡೆಕ್ ಪೂರ್ತಿ ಬಿಚ್ಚಬೇಕು, ಅದು ಅರ್ಧ ದಿನದ ಕೆಲಸ. ಪಾಲಿಟೆಕ್ ಎಂಬ ಪ್ಲಾಸ್ಟಿಕ್‌ನ ಹೊರಮೈ ಗೀರುಗಳನ್ನು ತಾಳಿಕೊಳ್ಳುತ್ತದೆಯಾದರೂ ಬಿರುಕು ಬಿಟ್ಟರೆ ಫೈಬರ್‌ಗ್ಲಾಸ್‌ನ ರೆಸಿನ್ ಅದಕ್ಕೆ ಹಿಡಿಯುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಬಲ್ಲವರು ಬೇಕು. ನೀರನ್ನು ಹಿಂದಕ್ಕೆ ಚಿಮ್ಮಿಸುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಅದರ ಸುತ್ತಲಿನ ವೇರ್ ರಿಂಗ್ ಎಂಬ ಬಳೆ ಮರಳಿಗೆ ಬೇಗ ಸವೆಯುತ್ತದೆ. ಎಂಜಿನ್ ಜೋರಾಗಿ ಕೂಗಿದರೂ ವೇಗ ಏರದಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ. ತಳದ ಕೆಳಗೆ 90 ಸೆಂಟಿಮೀಟರ್ ನೀರು ಸಿಗುವವರೆಗೆ ಎಂಜಿನ್ ಚಾಲೂ ಮಾಡದಿದ್ದರೆ ಈ ರಿಂಗ್ ಬಹುಕಾಲ ಬಾಳುತ್ತದೆ. ಕ್ಲಾಂಪ್, ಬ್ಯಾಟರಿಯಂಥವು ಎಸ್‌ಪಿ ರಸ್ತೆ, ಜೆಸಿ ರಸ್ತೆಗಳಲ್ಲಿ ಸಿಕ್ಕಾವು. ಜೆಟ್ ಪಂಪ್‌ನ ಭಾಗಗಳಿಗೆ ಮುಂಗಡ ಕೊಟ್ಟು ತರಿಸಿಕೊಳ್ಳಬೇಕು, ಆದ್ದರಿಂದ ಒಂದು ವೇರ್ ರಿಂಗ್ ಸದಾ ಕೈಯಲ್ಲಿರಲಿ.

ಒಳನಾಡಿನ ನೀರಿನಲ್ಲಿ ಓಡುವ ಯಂತ್ರಚಾಲಿತ ನೌಕೆಗಳ ನೋಂದಣಿಗೆ 2021ರ ಒಳನಾಡು ನೌಕೆಗಳ ಕಾಯಿದೆಯಿದೆ, ಟ್ರೈಲರ್‌ಗೆ ಆರ್‌ಟಿಒ ನೋಂದಣಿ ಬೇಕು; ಕೊಳ್ಳುವ ಮುನ್ನವೇ ಕಾಗದಪತ್ರಗಳನ್ನು ಪರಿಶೀಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುವುದರಿಂದ ಆ ತಿಂಗಳುಗಳಲ್ಲಿ ವಾಹನ ಬೆಂಗಳೂರಿನಲ್ಲೇ ಉಳಿಯುತ್ತದೆ. ನಿಲ್ಲಿಸುವ ಮೊದಲು ಆಯಿಲ್ ಬದಲಿಸಿ, ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬೆರೆಸಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಚಾರ್ಜ್‌ನಲ್ಲಿಡಿ. ಹಿಂಬದಿಯ ಎರಡು ಡ್ರೈನ್ ಪ್ಲಗ್‌ಗಳನ್ನು ತೆಗೆದು, ಮುಂದಿನ ಸಲ ನೀರಿಗಿಳಿಸುವವರ ಕಣ್ಣಿಗೆ ಬೀಳುವಂತೆ ಕೀಲಿಯ ದಾರಕ್ಕೇ ಕಟ್ಟಿಡಿ.