ತುದಿ ಬದಲಿಸುವ ಹೆಣಿಗೆ ಸೂಜಿಗಳ ಸೆಟ್: ಪ್ಯಾಟರ್ನ್ ಇಲ್ಲದೆ ಹೆಣೆಯುವವರ ದೃಷ್ಟಿಯಿಂದ

ನನ್ನ ತಾಯಿ ಸ್ವೆಟರ್ ಹೆಣೆಯುವಾಗ ಪುಸ್ತಕವನ್ನಾಗಲಿ ಪ್ಯಾಟರ್ನ್ ಹಾಳೆಯನ್ನಾಗಲಿ ಮುಂದಿಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಯಾರಿಗೆ ಬೇಕೋ ಅವರ ಹಳೆಯ ಅಂಗಿಯನ್ನು ಮಂಚದ ಮೇಲೆ ಹರಡಿ, ಗೇಣಿನಿಂದ ಅಳೆದು, ಹತ್ತನೇ ನಂಬರಿನ ಉದ್ದ ಸೂಜಿಗೆ ಕುಣಿಕೆ ಹಾಕಿಕೊಂಡು ಕುಳಿತರೆ ಬೆನ್ನು, ಎದೆ, ಎರಡು ತೋಳುಗಳು ಒಂದೊಂದಾಗಿ ಸಿದ್ಧವಾಗುತ್ತಿದ್ದವು. ಎಲ್ಲವನ್ನೂ ಹೊಲಿದು ಜೋಡಿಸಿದ ಮೇಲಷ್ಟೇ ಅಳತೆ ಸರಿಯೋ ತಪ್ಪೋ ತಿಳಿಯುತ್ತಿತ್ತು; ತಪ್ಪಾಗಿದ್ದರೆ ಆ ಸ್ವೆಟರ್ ಮನೆಯಲ್ಲಿ ಯಾರ ಮೈಗೆ ಹಿಡಿಸುವುದೋ ಅವರ ಪಾಲಾಗುತ್ತಿತ್ತು. ನಾನೂ ಕಣ್ಣಳತೆಯಲ್ಲೇ ಹೆಣೆಯುವವಳು. ಆದ್ದರಿಂದ ಕಳೆದ ನವೆಂಬರಿನಲ್ಲಿ ಕೊಂಡ ಸೂಜಿಗಳ ಸೆಟ್ಟನ್ನು ಆ ಒಂದು ಕೆಲಸದ ಮಟ್ಟಿಗೆ ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಕಂಡ ದೋಷ ನನ್ನ ಕೈಗೆ ಬಂದ ಒಂದು ಪೆಟ್ಟಿಗೆಯದು. ಗುಣಗಳಾದರೋ ಈ ಬಗೆಯ ಎಲ್ಲ ಸೆಟ್‌ಗಳಲ್ಲೂ ಹೆಚ್ಚು ಕಡಿಮೆ ಒಂದೇ.

ಸುಮಾರು ನಾಲ್ಕೂವರೆ ಸಾವಿರ ರೂಪಾಯಿಯ ಈ ಪೆಟ್ಟಿಗೆಯಲ್ಲಿ 3.5 ಮಿ.ಮೀ.ಯಿಂದ 8 ಮಿ.ಮೀ.ವರೆಗಿನ ಎಂಟು ಜೊತೆ ಮರದ ತುದಿಗಳು, ಬೇರೆ ಬೇರೆ ಉದ್ದದ ನಾಲ್ಕು ಕೇಬಲ್‌ಗಳು, ಕೇಬಲ್ಲಿನ ಬಾಯಿ ಮುಚ್ಚುವ ಪುಟ್ಟ ಬಿರಡೆಗಳು ಮತ್ತು ಬಿಗಿ ಮಾಡಲು ಒಂದು ತಂತಿಯ ಕೀಲಿ ಇವೆ. ತುದಿಗಳನ್ನು ಕೇಬಲ್ಲಿಗೆ ತಿರುಪಿ ಕೂರಿಸಿದರೆ ಅದೇ ಹೊಲಿಗೆಯಿಲ್ಲದೆ ಸುತ್ತಲೂ ಹೆಣೆಯುವ ವೃತ್ತ ಸೂಜಿಯಾಗುತ್ತದೆ. ಮರದ ನಯ ಚೆನ್ನಾಗಿದೆ, ದಾರ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ.

ಪ್ಯಾಟರ್ನ್ ಇಲ್ಲದೆ ಹೆಣೆಯುವುದೆಂದರೆ ಲೆಕ್ಕವಿಲ್ಲದೆ ಹೆಣೆಯುವುದಲ್ಲ. ಬೇರೆಯವರ ಲೆಕ್ಕದ ಬದಲು ನಮ್ಮದೇ ಲೆಕ್ಕ ಇರುತ್ತದೆ, ಅಷ್ಟೆ. ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಹೆಣಿಗೆ ತಜ್ಞೆ ಎಲಿಜಬೆತ್ ಜಿಮ್ಮರ್‌ಮನ್ ಅವರು ಈ ಲೆಕ್ಕವನ್ನು ಬಹಳ ಸರಳಗೊಳಿಸಿದರು. ಮೈಸುತ್ತಿಗೆ ಬೇಕಾದ ಕುಣಿಕೆಗಳನ್ನು ನೂರು ಪಾಲು ಎಂದಿಟ್ಟುಕೊಂಡರೆ, ಮಣಿಕಟ್ಟಿಗೆ ಸುಮಾರು ಇಪ್ಪತ್ತು ಪಾಲು, ತೋಳಿನ ಮೇಲ್ಭಾಗಕ್ಕೆ ಸುಮಾರು ಮೂವತ್ತಮೂರು, ಕಂಕುಳಿಗೆ ಎಂಟು, ಕುತ್ತಿಗೆಗೆ ಸುಮಾರು ನಲವತ್ತು. ನನ್ನ ತಂದೆಯವರ ಎದೆಸುತ್ತು 92 ಸೆಂ.ಮೀ.; ಒಳಗೆ ಅಂಗಿ ಇರುವುದರಿಂದ ಹತ್ತು ಸೆಂ.ಮೀ. ಸಡಿಲ ಸೇರಿಸಿ 102 ಎಂದುಕೊಂಡೆ. 4 ಮಿ.ಮೀ. ಸೂಜಿಯಲ್ಲಿ ಮಾದರಿ ತುಂಡೊಂದನ್ನು ಹೆಣೆದು, ತೊಳೆದು, ಒಣಗಿಸಿ ಅಳೆದಾಗ ಹತ್ತು ಸೆಂ.ಮೀ.ಗೆ 22 ಕುಣಿಕೆ ಬಂದವು. ಅಲ್ಲಿಗೆ ಮೈಸುತ್ತು 224. ಈ ತುಂಡನ್ನು ತೊಳೆಯದೆ ಅಳೆಯುವವರು ಬಹಳ ಮಂದಿ. ತೊಳೆದ ಮೇಲೆ ದಾರ ಸಡಿಲಗೊಂಡು 22ರ ಜಾಗದಲ್ಲಿ 20 ಆಗಿಬಿಟ್ಟರೆ ಅದೇ 224 ಕುಣಿಕೆಗಳು 112 ಸೆಂ.ಮೀ. ಅಗಲವಾಗಿ, ಸ್ವೆಟರ್ ಮೈಮೇಲೆ ಗೋಣಿಚೀಲದಂತೆ ಜೋತುಬೀಳುತ್ತದೆ.

ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಕ್ರಮದಲ್ಲಿ 88 ಕುಣಿಕೆಗಳಿಂದ ಆರಂಭಿಸಿ, ನಾಲ್ಕು ಕಡೆ ಗುರುತಿಟ್ಟು, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎಂಟೆಂಟು ಕುಣಿಕೆ ಹೆಚ್ಚಿಸುತ್ತಾ 27 ಬಾರಿ ಹೋದರೆ ಸೂಜಿಯ ಮೇಲೆ 304 ಕುಣಿಕೆ ನಿಲ್ಲುತ್ತವೆ. ಎದೆಗೆ 94, ಬೆನ್ನಿಗೆ 94, ತೋಳುಗಳಿಗೆ ಐವತ್ತೆಂಟರಂತೆ ಭಾಗ ಮಾಡಿ, ಎರಡೂ ಕಂಕುಳಲ್ಲಿ ಹದಿನೆಂಟರಂತೆ ಹೊಸ ಕುಣಿಕೆ ಹಾಕಿಕೊಂಡರೆ ಮೈಗೆ ಸರಿಯಾಗಿ 224 ಸಿಗುತ್ತದೆ. ಆದರೆ ಕಾಗದದ ಮೇಲೆ ಹೀಗೆ ಕೂಡಿಬಂದ ಲೆಕ್ಕ ಮೈಮೇಲೆ ಕೂಡಿಬರುತ್ತದೆಯೇ ಎಂದು ನಡುವೆಯೇ ನೋಡುವ ಅನುಕೂಲವನ್ನು ಅಮ್ಮನ ಉದ್ದ ಸೂಜಿಗಳು ಕೊಡುತ್ತಿರಲಿಲ್ಲ. ಈ ಸೆಟ್ಟಿನಲ್ಲಾದರೆ ಎರಡೂ ತುದಿಗಳನ್ನು ಬಿಚ್ಚಿ ಬಿರಡೆ ಹಾಕಿದರೆ ಸಾಕು, ಅರ್ಧ ಸ್ವೆಟರ್ ಕೇಬಲ್ಲಿನ ಮೇಲೆಯೇ ತೊಡಲು ಸಿದ್ಧ. ನಾನು ಹಣ ಕೊಟ್ಟದ್ದು ಇದಕ್ಕೆ.

ಡಿಸೆಂಬರಿನಲ್ಲಿ ಮೂಡಿಗೆರೆಗೆ ಹೋದಾಗ, ಕಂಕುಳಿನಿಂದ ಒಂದು ಗೇಣು ಕೆಳಗಿಳಿದಿದ್ದ ಸ್ವೆಟರನ್ನು ಅತಿ ಉದ್ದದ ಕೇಬಲ್ಲಿಗೆ ಸರಿಸಿ ಅಪ್ಪನಿಗೆ ತೊಡಿಸಿದೆ. ವಯಸ್ಸಿನಿಂದ ಅವರ ಬೆನ್ನು ಬಾಗಿದೆ. ಎದೆಯ ಕಡೆ ಅಂಚು ಕೆಳಗೆ ಜಾರಿತ್ತು, ಹಿಂದಿನ ಅಂಚು ಮೇಲಕ್ಕೆ ಏರಿತ್ತು. ಕಾಫಿ ಲೋಟವನ್ನು ಕೆಳಗಿಟ್ಟು ಅವರು, "ಅಂಗಡಿ ಸ್ವೆಟರೂ ಹಿಂಗೇ ಪುಟ್ಟಿ, ಕೂತ್ರೆ ಹಿಂದೆ ಸೊಂಟಕ್ಕೆ ಗಾಳಿ ಹೊಡೆಯುತ್ತೆ" ಎಂದರು. ಇಷ್ಟು ವರ್ಷ ಅವರು ಇದನ್ನು ಹೇಳಿರಲೇ ಇಲ್ಲ. ಆ ರಾತ್ರಿಯೇ ಬೆನ್ನಿನ ಭಾಗದಲ್ಲಷ್ಟೇ ಹೋಗಿ ಮರಳುವ ಅರ್ಧ ಸಾಲುಗಳನ್ನು, ಪ್ರತಿ ಬಾರಿಯೂ ತುಸು ಮೊದಲೇ ತಿರುಗುತ್ತಾ, ಆರು ಸಲ ಹೆಣೆದೆ. ಒಟ್ಟು ಹನ್ನೆರಡು ಸಾಲು. ನನ್ನ ಹೆಣಿಗೆಯಲ್ಲಿ ಹತ್ತು ಸೆಂ.ಮೀ.ಗೆ 30 ಸಾಲು ಬರುವುದರಿಂದ ಬೆನ್ನಿಗೆ ನಾಲ್ಕು ಸೆಂ.ಮೀ. ಹೆಚ್ಚು ದೊರೆಯಿತು. ಮರುದಿನ ಬೆಳಿಗ್ಗೆ ಮತ್ತೆ ತೊಡಿಸಿದಾಗ ಅಂಚು ಸುತ್ತಲೂ ಸಮನಾಗಿತ್ತು. ನೆಟ್ಟಗೆ ನಿಂತ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ಯಾಟರ್ನಿನಲ್ಲಿ ಈ ನಾಲ್ಕು ಸೆಂ.ಮೀ.ಗೆ ಸ್ಥಳವಿರುವುದಿಲ್ಲ.

ಕೀಲಿ ತೂರಿಸಲು ಲೋಹದ ಜೋಡಣೆಯಲ್ಲಿ ಮಾಡಿರುವ ಸಣ್ಣ ತೂತು ಇನ್ನೊಂದು ರೀತಿಯಲ್ಲಿಯೂ ಉಪಯೋಗಕ್ಕೆ ಬಂತು. ಅದರಲ್ಲಿ ಬೇರೆ ಬಣ್ಣದ ತೆಳು ನೂಲನ್ನು ಪೋಣಿಸಿ ಒಂದು ಸುತ್ತು ಹೆಣೆದರೆ, ಆ ಸುತ್ತಿನ ಎಲ್ಲ ಕುಣಿಕೆಗಳ ಒಳಗೂ ನೂಲು ತಾನಾಗಿಯೇ ಹಾದುಹೋಗುತ್ತದೆ. ಮುಂದೆ ಮನಸ್ಸು ಬದಲಾಗಿ ಬಿಚ್ಚಬೇಕಾದರೆ ಆ ನೂಲಿನವರೆಗೆ ನಿರ್ಭಯವಾಗಿ ಬಿಚ್ಚಬಹುದು. ಬಿಚ್ಚುವುದೇ ಅರ್ಧ ಕೆಲಸವಾಗಿರುವ ನನ್ನಂಥವರಿಗೆ ಇದು ಸಣ್ಣ ಸೌಲಭ್ಯವಲ್ಲ.

ಇನ್ನು ದೋಷಗಳು. ಎಲ್ಲಕ್ಕಿಂತ ದೊಡ್ಡದು ತಿರುಪು ಸಡಿಲಗೊಳ್ಳುವುದು. ಕೈಯಿಂದಷ್ಟೇ ಬಿಗಿ ಮಾಡಿದರೆ ಹೆಣೆಯುತ್ತಾ ಹೆಣೆಯುತ್ತಾ ಕೇಬಲ್ ತಿರುಚಿಕೊಂಡು ಜೋಡಣೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ರಾತ್ರಿ ಹೀಗೆಯೇ ತುದಿ ಕಳಚಿ ಮೂವತ್ತಕ್ಕೂ ಹೆಚ್ಚು ಕುಣಿಕೆಗಳು ಜಾರಿದವು. ಅವನ್ನು ಹೆಕ್ಕಿ ಮತ್ತೆ ಏರಿಸುವುದರಲ್ಲಿ ಒಂದು ಗಂಟೆ ಹೋಯಿತು. ಆ ಬಳಿಕ ಪಾತ್ರೆ ತೊಳೆಯುವ ರಬ್ಬರ್ ಕೈಗವಸಿನ ತುಂಡಿನಿಂದ ತುದಿಯನ್ನು ಹಿಡಿದು, ಕೀಲಿ ಹಾಕಿ ಬಿಗಿ ಮಾಡುತ್ತಿದ್ದೇನೆ. ಆದರೂ 4 ಮಿ.ಮೀ.ಯ ಒಂದು ತುದಿ ಮಾತ್ರ ದಿನಕ್ಕೊಮ್ಮೆ ಸಡಿಲವಾಗುವುದನ್ನು ಬಿಟ್ಟಿಲ್ಲ. ಮಾರಿದವರಿಗೆ ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲ.

ಎರಡನೆಯದು ನಂಬರಿನ ಗೊಂದಲ. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವುದು ಹಳೆಯ ಬ್ರಿಟಿಷ್ ನಂಬರು: ಹತ್ತೆಂದರೆ 3.25 ಮಿ.ಮೀ., ಎಂಟೆಂದರೆ 4 ಮಿ.ಮೀ.; ನಂಬರು ಏರಿದಷ್ಟೂ ಸೂಜಿ ಸಣ್ಣದು. ಈ ತುದಿಗಳ ಮೇಲೆ ಎದ್ದು ಕಾಣುವಂತೆ ಅಚ್ಚಾಗಿರುವುದು ಅಮೆರಿಕದ ನಂಬರು, ಅದು ಇದಕ್ಕೆ ತದ್ವಿರುದ್ಧ. ಅದರಲ್ಲಿ ಎಂಟೆಂದರೆ 5 ಮಿ.ಮೀ. ಮಿ.ಮೀ. ಅಳತೆ ಸಣ್ಣ ಅಕ್ಷರದಲ್ಲಿ ಇದ್ದರೂ ಮೂರು ವಾರಗಳ ಬಳಕೆಗೇ ಅಳಿಸತೊಡಗಿತು. ಅಮ್ಮ ಪೆಟ್ಟಿಗೆಯಿಂದ ತಾವೇ ಎಂಟನೇ ನಂಬರನ್ನು ತೆಗೆದುಕೊಂಡು ಟೋಪಿಯೊಂದನ್ನು ಆರಂಭಿಸಿ, ನಾಲ್ಕು ಬೆರಳು ಹೆಣೆದ ಮೇಲೆ, "ಇದೇನೇ ಇದು, ಬಲೆ ಬಂದಂಗೆ ಬರ್ತಿದೆ" ಎಂದು ನನ್ನ ಮುಂದೆ ಹಿಡಿದರು.

ಮೂರನೆಯದಾಗಿ, ಈ ಉದ್ದನೆಯ ತುದಿಗಳಿಂದ 40 ಸೆಂ.ಮೀ. ಸುತ್ತಳತೆಯ ಸೂಜಿ ಮಾಡಲಾಗುವುದಿಲ್ಲ. ಹಾಗಾಗಿ ಕುತ್ತಿಗೆಯನ್ನೂ ತೋಳುಗಳನ್ನೂ ಉದ್ದ ಕೇಬಲ್ಲನ್ನು ಬಳೆಯಂತೆ ನಡುವಿನಿಂದ ಹೊರಗೆಳೆದುಕೊಂಡು ಹೆಣೆಯಬೇಕಾಯಿತು. ಅಭ್ಯಾಸವಾಗುವವರೆಗೆ ಇದು ಕಿರಿಕಿರಿಯೇ.

ಮಲೆನಾಡಿನ ಚಳಿಗಾಗಲಿ ಬೆಂಗಳೂರು, ಮೈಸೂರಿನ ಚಳಿಗಾಗಲಿ 7 ಮತ್ತು 8 ಮಿ.ಮೀ. ಸೂಜಿಯ ದಪ್ಪ ಸ್ವೆಟರ್ ಯಾರಿಗೂ ಬೇಕಾಗುವುದಿಲ್ಲ. ಎಂಟು ಜೊತೆಗಳಲ್ಲಿ ನಾನು ಮುಟ್ಟಿದ್ದು ಮೂರನ್ನು ಮಾತ್ರ. ಆದ್ದರಿಂದ ಇಡೀ ಸೆಟ್ಟನ್ನು ಕೊಳ್ಳಿರೆಂದು ನಾನು ಹೇಳಲಾರೆ. 3.5, 4 ಮತ್ತು 4.5 ಮಿ.ಮೀ. ತುದಿಗಳನ್ನೂ ಎರಡು ಕೇಬಲ್‌ಗಳನ್ನೂ ಬಿಡಿಯಾಗಿ ಕೊಂಡರೆ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಉಳಿದ ಹಣವನ್ನು ಒಳ್ಳೆಯ ಉಣ್ಣೆಗೆ ಹಾಕಬಹುದು. ಸಡಿಲವಾಗುವ ಆ 4 ಮಿ.ಮೀ. ತುದಿಯ ಬದಲಿಗೆ ನಾನೂ ಒಂದು ಜೊತೆಯನ್ನು ಬಿಡಿಯಾಗಿಯೇ ತರಿಸಿದ್ದೇನೆ, ಅಪ್ಪನ ಸ್ವೆಟರಿನ ಎಡತೋಳು ಈಗ ಅದರ ಮೇಲಿದೆ.